ಗುಳೆ ಹೋಗುವವರು, ಗುಳೆ ಬಂದವರು: ಹುಬ್ಬಳ್ಳಿ-ಧಾರವಾಡದಲ್ಲಿ ಮೂರು ದಿನದ ಧರಣಿ ಶಿಬಿರ ನಡೆಸುವುದು ಹೇಗೆ

ಬಂಗಾಳದ ಶಾಲಿಮಾರ್‌ನಿಂದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಗದಗ, ಹುಬ್ಬಳ್ಳಿ, ಧಾರವಾಡ ದಾಟಿಕೊಂಡೇ ಹೋಗಬೇಕು. ಅದರ ಜನರಲ್ ಬೋಗಿಯಲ್ಲಿ ಒಡಿಶಾ, ಬಂಗಾಳದ ಕಡೆಯಿಂದ ಬಂದ ಹುಡುಗರು ಇರುತ್ತಾರೆ. ಗದಗಿನಲ್ಲಿ ನಮ್ಮ ತಾಂಡಾದ ಮಂದಿ ಚೀಲ, ಪಾತ್ರೆ, ಮಕ್ಕಳ ಸಮೇತ ಹತ್ತುತ್ತಾರೆ. ಅವರು ಬರುವುದೂ ಇವರು ಹೋಗುವುದೂ ದುಡಿಮೆಗೇ.

ನಮ್ಮ ಭಾಗದಲ್ಲಿ ವಲಸೆ ಕಾರ್ಮಿಕರ ವಿಷಯ ಬಂದಾಗ ಈ ಎರಡು ಗುಂಪನ್ನು ಬೇರೆ ಬೇರೆ ಇಟ್ಟೇ ಮಾತಾಡುತ್ತೇವೆ. ಗೋವಾದಲ್ಲಿ ಕನ್ನಡಿಗರ ಮನೆ ಕೆಡವಿದರೆ ಸಿಟ್ಟು ಬರುತ್ತದೆ. ತಾರಿಹಾಳದ ಕಾರ್ಖಾನೆಯಲ್ಲಿ ಬಿಹಾರದ ಹುಡುಗನಿಗೆ ಪಗಾರ ಕೊಡದಿದ್ದರೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಇಬ್ಬರನ್ನೂ ಒಂದೇ ಪೆಂಡಾಲಿನಲ್ಲಿ ಕೂರಿಸಿ ಅನ್ನುವುದು ಈ ಮಾರ್ಗದರ್ಶಿಯ ಒಟ್ಟು ಮಾತು. ಅದು ಯಾಕೆ ಬೇಕು ಅನ್ನುವುದಕ್ಕೆ 2020ರ ಜನವರಿ ನೆನಪಿಸಿಕೊಳ್ಳಿ. ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗಳು ಇದ್ದಾರೆ ಅಂತ ಹೇಳಿ ಗುಡಿಸಲು ಕೆಡವಿದರು. ನೆಲೆ ಕಳೆದುಕೊಂಡವರಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಹೋದ ಕನ್ನಡಿಗರೂ ಇದ್ದರು. ಹೊರಗಿನವರು ಅನ್ನುವ ಹಣೆಪಟ್ಟಿ ನಮ್ಮವರಿಗೂ ಅಂಟಲು ಹೊತ್ತು ಬೇಕಿಲ್ಲ.

ಸಂವಿಧಾನದ 19ನೇ ವಿಧಿ ಭಾರತದ ಪ್ರಜೆಗೆ ದೇಶದೊಳಗೆ ಎಲ್ಲಿಗಾದರೂ ಹೋಗುವ, ಎಲ್ಲಾದರೂ ನೆಲೆಸುವ ಹಕ್ಕು ಕೊಡುತ್ತದೆ. ಆಯುಧವಿಲ್ಲದೆ ಶಾಂತಿಯಿಂದ ಸಭೆ ಸೇರುವ ಹಕ್ಕೂ ಅದೇ ವಿಧಿಯಲ್ಲಿದೆ. ಬ್ಯಾನರ್ ಮೇಲೆ ಇವೆರಡನ್ನೇ ಬರೆಸಿ, ಸಾಕು.

ಮೊದಲು ಮಂದಿಯನ್ನು ಹುಡುಕಿ

ಬಹಳ ಕಡೆ ಮೊದಲು ಪೆಂಡಾಲ್ ಬುಕ್ ಮಾಡುತ್ತಾರೆ, ಆಮೇಲೆ ಮಂದಿಗಾಗಿ ಓಡಾಡುತ್ತಾರೆ. ಇದನ್ನು ತಿರುವು ಮುರುವು ಮಾಡಿ. ಶಿಬಿರಕ್ಕೆ ಆರು ವಾರ ಮೊದಲೇ ಮಾತುಕತೆ ಶುರುವಾಗಲಿ. ಬೆಳಿಗ್ಗೆ ಗೌಂಡಿಗಳು, ಹೆಣ್ಣಾಳುಗಳು ಕೂಲಿಗೆ ನಿಲ್ಲುವ ಸರ್ಕಲ್‌ಗಳಿಗೆ ಹೋಗಿ. ಏಳೂವರೆ ಒಳಗೆ ಹೋಗಬೇಕು, ಆಮೇಲೆ ಅಲ್ಲಿ ಯಾರೂ ಸಿಗುವುದಿಲ್ಲ. ತಾರಿಹಾಳ, ಗೋಕುಲ ರಸ್ತೆ, ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಹುಡುಗರು ಏಳೆಂಟು ಜನ ಸೇರಿ ಬಾಡಿಗೆಗೆ ಇರುವ ಖೋಲಿಗಳಿಗೆ ರಾತ್ರಿ ಊಟದ ಹೊತ್ತಿಗೆ ಹೋಗಿ. ಅಮರಗೋಳದ ಎಪಿಎಂಸಿಯಲ್ಲಿ ಹಮಾಲರನ್ನು ಮಾತಾಡಿಸಿ. ಗುಳೆ ಹೋಗಿ ಬಂದವರಿಗಾಗಿ ಗದಗ, ಹಾವೇರಿ ಜಿಲ್ಲೆಯ ತಾಂಡಾಗಳಿಗೆ ಹೋದರೆ ಮೊದಲು ತಾಂಡಾದ ನಾಯಕರನ್ನು ಕಾಣಿ, ಆಮೇಲೆ ಹೆಂಗಸರ ಜೊತೆ ಬೇರೆಯಾಗಿ ಕೂತು ಮಾತಾಡಿ. ಕಬ್ಬಿನ ಗದ್ದೆಯ ಟೆಂಟಿನಲ್ಲಿ ಏನು ನಡೆಯುತ್ತದೆ ಅಂತ ಗಂಡಸರ ಮುಂದೆ ಅವರು ಹೇಳುವುದಿಲ್ಲ.

ಈ ಭೇಟಿಗಳಲ್ಲಿ ಭಾಷಣ ಬೇಡ. "ಅಣ್ಣಾರ, ಪಗಾರ ಬಾಕಿ ಐತೇನ್ರಿ? ಮುಂಗಡ ಎಷ್ಟು ತಗೊಂಡೀರಿ? ರೇಷನ್ ಎಲ್ಲಿ ಸಿಗತೈತ್ರಿ?" ಇಷ್ಟು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಬೇಡಿಕೆ ಪಟ್ಟಿ ಈ ನೋಟ್‌ಬುಕ್ಕಿನಿಂದಲೇ ಹುಟ್ಟಬೇಕು.

ಹತ್ತು ಹನ್ನೆರಡು ಜನರ ಸಮಿತಿ ಸಾಕು. ಅದರಲ್ಲಿ ಅರ್ಧ ಜನವಾದರೂ ಸ್ವತಃ ಗುಳೆ ಹೋದವರು ಅಥವಾ ಬಂದವರು ಇರಬೇಕು. ಕಾಲೇಜು ಹುಡುಗರು, ವಕೀಲರು, ಸಂಘಟನೆಯವರು ಕೈಜೋಡಿಸಲಿ, ಆದರೆ ಬೇಡಿಕೆ ಬಗ್ಗೆ ಕೊನೆಯ ಮಾತು ಅವರದಾಗಬಾರದು. ಪಕ್ಷದ ಬಾವುಟ ಬೇಡ ಅನ್ನುವುದನ್ನು ಮೊದಲ ಸಭೆಯಲ್ಲೇ ತೀರ್ಮಾನ ಮಾಡಿ. ಚುನಾವಣೆ ಹತ್ತಿರ ಇದ್ದರಂತೂ ಈ ತಂಟೆ ಜಾಸ್ತಿ.

ಬೇಡಿಕೆಯನ್ನು ಕಚೇರಿಯ ಹೆಸರು ಹಾಕಿ ಬರೆಯಿರಿ

"ವಲಸೆ ಕಾರ್ಮಿಕರಿಗೆ ನ್ಯಾಯ ಕೊಡಿ" ಅಂತ ಬರೆದರೆ ಅದು ಯಾವ ಕಚೇರಿಯ ಫೈಲಿಗೂ ಹೋಗುವುದಿಲ್ಲ. ಯಾರು, ಏನು, ಯಾವಾಗಿನೊಳಗೆ ಮಾಡಬೇಕು ಅನ್ನುವುದು ಪ್ರತಿ ಬೇಡಿಕೆಯಲ್ಲೂ ಇರಲಿ. ಐದಕ್ಕಿಂತ ಹೆಚ್ಚು ಬೇಡ.

ಇಲ್ಲಿ ಎಚ್ಚರದಿಂದ ನೋಡಬೇಕಾದ ಒಂದು ವಿಷಯ ಇದೆ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಒಂದು ಕಾಯ್ದೆ ಬಂತು. ಈಗ ಅದರ ಜಾಗದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಇದೆ. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಅಂತರರಾಜ್ಯ ವಲಸೆ ಕಾರ್ಮಿಕರು ದುಡಿಯುವ ಕಡೆ ಅದರ ವಲಸೆ ಕಾರ್ಮಿಕರ ಭಾಗ ಅನ್ವಯಿಸುತ್ತದೆ. ಊರಿಗೆ ಹೋಗಿ ಬರುವ ಪ್ರಯಾಣ ಭತ್ಯೆ ಅದರಲ್ಲಿದೆ. ಹಳೆಯ ಕಾಯ್ದೆ ಗುತ್ತಿಗೆದಾರ ಕರೆತಂದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿತ್ತು. ಈಗ ತಾವಾಗಿಯೇ ಬಂದು ಕೆಲಸಕ್ಕೆ ಸೇರಿದವರೂ ಬರುತ್ತಾರೆ. ಆದರೆ ತಿಂಗಳ ವೇತನಕ್ಕೆ 18,000 ರೂಪಾಯಿಯ ಮಿತಿ ಇದೆ.

"ಅಂತರರಾಜ್ಯ" ಅಂದಮೇಲೆ ರಾಜ್ಯದ ಗಡಿ ದಾಟಿರಬೇಕು ಅಲ್ವಾ? ಮುಂಡರಗಿಯಿಂದ ಗೋವಾಕ್ಕೆ ಹೋದವರಿಗೆ ಇದು ಸಿಗುತ್ತದೆ, ಮುಂಡರಗಿಯಿಂದ ಮಂಡ್ಯಕ್ಕೆ ಕಬ್ಬು ಕಡಿಯಲು ಹೋದವರಿಗೆ ಸಿಗುವುದಿಲ್ಲ. ಹಾಗಾಗಿ ಬೇಡಿಕೆಯನ್ನು ಎರಡಾಗಿ ಬರೆಯಿರಿ. ಹೊರ ರಾಜ್ಯದವರ ವಿಷಯದಲ್ಲಿ ಇರುವ ಕಾನೂನು ಜಾರಿ ಮಾಡಿ ಅಂತ ಕೇಳಿ. ರಾಜ್ಯದೊಳಗೆ ಗುಳೆ ಹೋಗುವವರಿಗೆ ರಾಜ್ಯ ಸರ್ಕಾರವೇ ಅಂಥದ್ದೇ ರಕ್ಷಣೆ ಕೊಡಬೇಕು ಅಂತ ಕೇಳಿ. ಎರಡನ್ನೂ ಕಲಸಿ ಬರೆದರೆ "ಇದು ನಮಗೆ ಸಂಬಂಧಿಸಿಲ್ಲ" ಅಂತ ಇಡೀ ಮನವಿಯನ್ನೇ ವಾಪಸ್ ಮಾಡಲು ಅಧಿಕಾರಿಗೆ ದಾರಿ ಸಿಗುತ್ತದೆ.

ಉಳಿದ ಬೇಡಿಕೆಗಳು ನಿಮ್ಮ ನೋಟ್‌ಬುಕ್ಕಿನ ಮೇಲೆ ನಿಂತಿವೆ. ಬಾಕಿ ಪಗಾರಕ್ಕಾಗಿ ಕಾರ್ಮಿಕ ಇಲಾಖೆ ಜಂಟಿ ಸಭೆ ಕರೆಯಬೇಕು. ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ಋತುಮಾನ ವಸತಿ ಶಾಲೆ ಬೇಕು. ಕೂಲಿಗೆ ನಿಲ್ಲುವ ಸರ್ಕಲ್‌ಗಳಲ್ಲಿ ನೆರಳು, ನೀರು, ಶೌಚಾಲಯವನ್ನು ಮಹಾನಗರ ಪಾಲಿಕೆ ಮಾಡಿಕೊಡಬೇಕು. ಇವೆಲ್ಲ ಜಿಲ್ಲಾ ಮಟ್ಟದಲ್ಲೇ ಆಗುವ ಕೆಲಸ. ಕಾನೂನು ಬದಲಾಗಬೇಕಾದ ಬೇಡಿಕೆಗಳನ್ನು ಕಾರ್ಮಿಕ ಸಚಿವರ ಹೆಸರಿಗೆ ಬೇರೆ ಪತ್ರವಾಗಿ ಬರೆಯಿರಿ. 2023ರಲ್ಲಿ ಆ ಖಾತೆ ವಹಿಸಿಕೊಂಡ ಸಂತೋಷ್ ಲಾಡ್ ಕಲಘಟಗಿಯ ಶಾಸಕರು, ಧಾರವಾಡ ಜಿಲ್ಲಾ ಉಸ್ತುವಾರಿಯನ್ನೂ ಅವರಿಗೇ ಕೊಟ್ಟಿದ್ದರು. ಬೇರೆ ಜಿಲ್ಲೆಯವರಿಗೆ ಈ ಅನುಕೂಲ ಇಲ್ಲ.

ಯಾವ ದಿನ, ಎಷ್ಟು ದಿನ

ಮಹದಾಯಿ ನದಿ ನೀರಿಗಾಗಿ 2015ರ ಜುಲೈಯಲ್ಲಿ ನರಗುಂದದಲ್ಲಿ ಶುರುವಾದ ರೈತರ ಧರಣಿ ವರ್ಷಗಟ್ಟಲೆ ನಡೆಯಿತು. ಅದನ್ನು ನೋಡಿ ನಾವೂ ಅನಿರ್ದಿಷ್ಟ ಧರಣಿ ಕೂರೋಣ ಅನ್ನಿಸುವುದು ಸಹಜ. ನನಗದು ಸರಿ ಕಾಣುವುದಿಲ್ಲ. ರೈತನಿಗೆ ಊರು ಹತ್ತಿರ, ಸರದಿಯ ಮೇಲೆ ಬಂದು ಕೂರಬಹುದು. ಗೌಂಡಿ ಕೆಲಸದವನು ಒಂದು ದಿನ ಬಿಟ್ಟರೆ ಆ ದಿನದ ಕೂಲಿ ಹೋಯಿತು. ಕಾರ್ಖಾನೆಯವನು ಎರಡು ದಿನ ಬಿಟ್ಟರೆ ಕೆಲಸವೇ ಹೋಗಬಹುದು. ಮೂರು ದಿನ ಸಾಕು. ಮಧ್ಯದ ದಿನ ಕಾರ್ಖಾನೆಗಳಿಗೆ ವಾರದ ರಜೆ ಬರುವಂತೆ ನೋಡಿಕೊಳ್ಳಿ. ಮುಖ್ಯ ಸಭೆಗಳನ್ನು ಸಂಜೆ ಆರರ ಮೇಲೆ ಇಡಿ.

ಕಬ್ಬು ಕಡಿಯುವವರು ದೀಪಾವಳಿ ಆಸುಪಾಸು ಹೊರಟರೆ ಊರು ಸೇರುವುದು ಮಾರ್ಚ್, ಏಪ್ರಿಲ್‌ಗೆ. ಹಾಗಾಗಿ ಯುಗಾದಿ ಆದ ವಾರ ಒಳ್ಳೆಯ ಹೊತ್ತು. ಹೋಳಿ ವಾರ ಬೇಡವೇ ಬೇಡ. ಹುಬ್ಬಳ್ಳಿಯಲ್ಲಿ ರಂಗಪಂಚಮಿ ಮುಗಿಯುವ ತನಕ ಯಾವ ಪೊಲೀಸ್ ಅಧಿಕಾರಿಯೂ ನಿಮ್ಮ ಅರ್ಜಿ ಕಣ್ಣೆತ್ತಿ ನೋಡುವುದಿಲ್ಲ. ಬಿಹಾರದವರು ಛಠ್ ಹಬ್ಬಕ್ಕೆ ಊರಿಗೆ ಹೋಗುತ್ತಾರೆ, ದೀಪಾವಳಿ ಮುಗಿದ ಮೇಲಿನ ಎರಡು ವಾರ ಖೋಲಿಗಳು ಖಾಲಿ. ಏಪ್ರಿಲ್‌ನಲ್ಲಿ ಇಟ್ಟುಕೊಂಡರೆ ಸಂಜೆಯ ಅಡ್ಡಮಳೆ, ಗಾಳಿಗೆ ತಯಾರಿರಿ. ಪೆಂಡಾಲ್‌ನವನಿಗೆ ಬಟ್ಟೆಯ ಶಾಮಿಯಾನ ಬೇಡ, ತಗಡಿನ ಶೀಟ್ ಹಾಕು ಅಂತ ಮೊದಲೇ ಹೇಳಿ.

ಜಾಗ ಮತ್ತು ಅನುಮತಿ

ಜಿಲ್ಲಾಧಿಕಾರಿ ಕೂರುವುದು ಧಾರವಾಡದಲ್ಲಿ, ದುಡಿಯುವ ಮಂದಿ ಹೆಚ್ಚಿಗೆ ಇರುವುದು ಹುಬ್ಬಳ್ಳಿಯಲ್ಲಿ. ನಡುವೆ ಸುಮಾರು 20 ಕಿಲೋಮೀಟರ್. ಶಿಬಿರ ಹುಬ್ಬಳ್ಳಿಯಲ್ಲಿರಲಿ. ತಹಶೀಲ್ದಾರ್ ಕಚೇರಿ ಇರುವ ಮಿನಿ ವಿಧಾನಸೌಧದ ಆಸುಪಾಸು ಕೇಳಿ ನೋಡಿ. ಮೂರನೇ ದಿನ ಒಂದು ತಂಡ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ ಮನವಿ ಕೊಟ್ಟು ಬರಲಿ. ಚೆನ್ನಮ್ಮ ಸರ್ಕಲ್ ಎಲ್ಲರ ಕಣ್ಣಿಗೆ ಬೀಳುತ್ತದೆ ನಿಜ, ಆದರೆ ಆ ಟ್ರಾಫಿಕ್‌ನಲ್ಲಿ ಕೂತರೆ ಮೊದಲು ಬೈಯುವವರು ಬಸ್ಸಿನಲ್ಲಿ ಸಿಕ್ಕಿಬಿದ್ದ ಕೂಲಿಕಾರರೇ.

ಕಾನೂನಿನ ಮಟ್ಟಿಗೆ ಎರಡು ತೀರ್ಪು ನೆನಪಿಟ್ಟುಕೊಳ್ಳಿ. 1972ರ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ಬೀದಿಯಲ್ಲಿ ಸಭೆ ನಡೆಸುವುದನ್ನು ನಿಯಂತ್ರಿಸಬಹುದು, ಪೂರ್ತಿ ನಿಷೇಧಿಸಲು ಬರುವುದಿಲ್ಲ ಅಂದಿತು. 2020ರ ಅಕ್ಟೋಬರ್‌ನಲ್ಲಿ, ದಿಲ್ಲಿಯ ಶಾಹೀನ್ ಬಾಗ್‌ನ ರಸ್ತೆ ಧರಣಿಯ ಪ್ರಕರಣದಲ್ಲಿ, ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂದಿತು. ಅಂದರೆ ದಿನ ಗೊತ್ತುಮಾಡಿ, ದಾರಿ ಬಿಟ್ಟು ಕೂತರೆ ನಿಮ್ಮ ವಾದ ಗಟ್ಟಿ. ಬೆಂಗಳೂರಿನಲ್ಲಿ ಪ್ರತಿಭಟನೆ ಫ್ರೀಡಂ ಪಾರ್ಕಿನಲ್ಲೇ ನಡೆಯಬೇಕು ಅನ್ನುವ 2021ರ ಆದೇಶ ಆ ನಗರಕ್ಕೆ ಮಾತ್ರ ಸೇರಿದ್ದು. ಇಲ್ಲಿ ಯಾರಾದರೂ ಅದನ್ನು ಹೇಳಿದರೆ ಒಪ್ಪಬೇಡಿ.

ಹುಬ್ಬಳ್ಳಿ-ಧಾರವಾಡ ಪೊಲೀಸ್ ಕಮಿಷನರೇಟ್ ಆದ್ದರಿಂದ ಅರ್ಜಿ ಪೊಲೀಸ್ ಕಮಿಷನರ್ ಹೆಸರಿಗೆ, ಪ್ರತಿ ಆ ಭಾಗದ ಠಾಣೆಗೆ. ಗದಗ, ಹಾವೇರಿಯಲ್ಲಿ ಆದರೆ ಠಾಣೆ ಮತ್ತು ಎಸ್‌ಪಿ ಕಚೇರಿ, ಜೊತೆಗೆ ತಹಶೀಲ್ದಾರರಿಗೆ ಒಂದು ಪ್ರತಿ. ಜಾಗ ಪಾಲಿಕೆಯದ್ದೋ, ನಗರಸಭೆಯದ್ದೋ, ಲೋಕೋಪಯೋಗಿ ಇಲಾಖೆಯದ್ದೋ ಅಂತ ವಿಚಾರಿಸಿ, ಅವರಿಂದಲೂ ಪತ್ರ ಪಡೆಯಿರಿ. ಅರ್ಜಿಯಲ್ಲಿ ತಾರೀಕು, ವೇಳೆ, ಅಂದಾಜು ಮಂದಿ, ಪೆಂಡಾಲಿನ ಅಳತೆ, ಮೈಕ್ ಎಷ್ಟು, ಜವಾಬ್ದಾರಿ ಹೊತ್ತ ಇಬ್ಬರ ಹೆಸರು ಮತ್ತು ಫೋನ್ ಇರಲಿ. ಆ ಇಬ್ಬರು ಊರಿನಲ್ಲೇ ನೆಲೆ ಇರುವವರಾಗಿರಲಿ. ಬಾಡಿಗೆ ಖೋಲಿಯ ಹುಡುಗನ ಹೆಸರು ಹಾಕಿಸಿ ಅವನನ್ನು ಠಾಣೆಗೆ ಅಲೆದಾಡಿಸಬೇಡಿ.

ಹತ್ತು ದಿನ ಮೊದಲೇ ಅರ್ಜಿ ಕೊಡಿ. ಎರಡು ಪ್ರತಿ ಒಯ್ಯಿರಿ. "ಸಾಹೇಬ್ರ, ಇದರ ಮ್ಯಾಲೆ ಒಂದು ಸೀಲ್ ಹಾಕಿ, ತಾರೀಕ್ ಬರದು ಕೊಡ್ರಿ" ಅಂತ ಕೇಳಿ ಎರಡನೆಯದನ್ನು ವಾಪಸ್ ತನ್ನಿ. ಬಾಯಿಮಾತಿನಲ್ಲಿ "ಮಾಡಿಕೊಳ್ರಿ" ಅಂದರೆ ಸಾಲದು. ಬಾಯಿಮಾತಿನಲ್ಲಿ "ಆಗಂಗಿಲ್ಲ" ಅಂದರೂ ಅಷ್ಟೇ, ಕಾರಣ ಬರೆದು ಕೊಡಿ ಅಂತ ಕೇಳಿ. ಬರೆದು ಕೊಟ್ಟರೆ ಧಾರವಾಡದಲ್ಲೇ ಇರುವ ಹೈಕೋರ್ಟ್ ಪೀಠಕ್ಕೆ ಹೋಗಲು ವಕೀಲರಿಗೆ ಒಂದು ಆಧಾರ ಸಿಗುತ್ತದೆ. ಮೈಕಿಗೆ ಅನುಮತಿ ಬೇರೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮೈಕ್ ಇಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಜಾಗ ಗೊತ್ತುಮಾಡುವ ಮೊದಲೇ ಇದನ್ನು ಅಳೆದು ನೋಡಿ.

ನೀರು, ಊಟ, ಶೌಚಾಲಯ

ಇನ್ನೂರು ಜನಕ್ಕೆ ದಿನಕ್ಕೆ ತಲಾ ಮೂರು ಲೀಟರ್ ಕುಡಿಯುವ ನೀರು ಅಂದರೆ 20 ಲೀಟರಿನ 30 ಕ್ಯಾನ್. ಕೈ ತೊಳೆಯಲು, ಪಾತ್ರೆಗೆ ಬೇರೆ ಟ್ಯಾಂಕರ್ ಹೇಳಿ. ನಳದ ನೀರನ್ನು ನಂಬಿ ಕೂರಬೇಡಿ. ಪಾಲಿಕೆಗೆ ಅರ್ಜಿ ಕೊಟ್ಟು ಸಂಚಾರಿ ಶೌಚಾಲಯ ಕೇಳಿ, ಹೆಂಗಸರದ್ದು ಬೆಳಕಿರುವ ಕಡೆ ನಿಲ್ಲಿಸಿ. ಇದೊಂದು ಸರಿಯಿಲ್ಲದಿದ್ದರೆ ಹೆಣ್ಣುಮಕ್ಕಳು ಮಧ್ಯಾಹ್ನಕ್ಕೇ ಮನೆಗೆ ಹೋಗುತ್ತಾರೆ. ಆಮೇಲೆ "ಮಹಿಳೆಯರು ಬರಲಿಲ್ಲ" ಅಂತ ಅವರ ಮೇಲೇ ಹೊರಿಸುವ ಕಾರ್ಯಕರ್ತರನ್ನು ನೋಡಿದ್ದೇನೆ.

ಊಟಕ್ಕೆ ಉತ್ತರ ಕರ್ನಾಟಕದಲ್ಲಿ ಚಿಂತೆ ಇಲ್ಲ. ಕಡಕ್ ರೊಟ್ಟಿ ವಾರ ಇಟ್ಟರೂ ಕೆಡುವುದಿಲ್ಲ, ಹಳ್ಳಿಗಳಿಂದ ಗಂಟು ಕಟ್ಟಿಕೊಂಡು ಬರುತ್ತದೆ. ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಮೊಸರು ಇದ್ದರೆ ಆಯಿತು. ಒಡಿಶಾ, ಬಂಗಾಳದವರಿಗೆ ಅನ್ನ ಬೇಕು, ನಮ್ಮ ಕಡಕ್ ರೊಟ್ಟಿ ಕಂಡರೆ ಅವರಿಗೆ ದಿಗಿಲು! ಒಂದು ಹೊತ್ತಿನ ಅಡುಗೆ ಅವರಿಗೇ ಬಿಡಿ. ಅಡುಗೆ ಒಲೆಯ ಮುಂದೆ ಆಗುವ ಪರಿಚಯ ವೇದಿಕೆ ಮೇಲೆ ಆಗುವುದಿಲ್ಲ.

ಕರೆಂಟಿಗೆ ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ. ಬೀದಿ ಕಂಬಕ್ಕೆ ಕೊಂಡಿ ಹಾಕಿದರೆ ಕೇಸು ಹಾಕಲು ನೀವೇ ನೆಪ ಕೊಟ್ಟಂತೆ.

ಮೇಜುಗಳು

ಶಿಬಿರದ ಜೀವ ಇರುವುದು ಇಲ್ಲಿ. ವೇದಿಕೆಗೆ ಪೆಂಡಾಲಿನ ಕಾಲು ಭಾಗ ಸಾಕು, ಉಳಿದ ಜಾಗ ದೂರು, ಅರ್ಜಿ ಬರೆದುಕೊಳ್ಳುವ ಮೇಜುಗಳಿಗೆ. ಒಬ್ಬ ಹಮಾಲ ಬಂದು ಒಂದು ಕಾಗದ ಕೈಯಲ್ಲಿ ಹಿಡಿದುಕೊಂಡು ಹೋದರೆ ನಾಳೆ ಮತ್ತೆ ನಾಲ್ಕು ಜನರನ್ನು ಕರೆತರುತ್ತಾನೆ. ಭಾಷಣ ಕೇಳಿ ಹೋದವನು ಮತ್ತೆ ಬರುವುದು ಕಷ್ಟ.

ಪಗಾರದ ಮೇಜಿನಲ್ಲಿ ಕೂರುವವರಿಗೆ ತಾಳ್ಮೆ ಬೇಕು. ಕೆಲಸದ ಜಾಗ, ಗುತ್ತಿಗೆದಾರನ ಹೆಸರು, ಫೋನ್, ಎಷ್ಟು ದಿನ ದುಡಿದರು, ದಿನಕ್ಕೆ ಎಷ್ಟು ಮಾತಾಗಿತ್ತು, ಎಷ್ಟು ಕೊಟ್ಟರು, ಬಾಕಿ ಎಷ್ಟು ಎಂದು ಎಲ್ಲವನ್ನೂ ಬರೆದುಕೊಳ್ಳಿ. "ಸಾಕ್ಷಿ ಏನೂ ಇಲ್ರಿ" ಅನ್ನುತ್ತಾರೆ. ಇರುತ್ತದೆ. ಫೋನ್‌ಪೇಯಲ್ಲಿ ಬಂದ ದುಡ್ಡು, ಮೇಸ್ತ್ರಿ ಕಳಿಸಿದ ವಾಟ್ಸಾಪ್ ಆಡಿಯೋ, ಗೇಟ್ ಪಾಸ್, ಹಾಜರಿ ಬರೆದ ಸಣ್ಣ ಡೈರಿ, ಜೊತೆಗೆ ದುಡಿದವರ ಮಾತು ಎಲ್ಲ ಸಾಕ್ಷಿಯೇ. ಗುತ್ತಿಗೆದಾರ ಓಡಿಹೋದ ಅಂತ ಸುಮ್ನೆ ಕೂರಬೇಕಿಲ್ಲ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು ಅನ್ನುವುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಇದೆ, ಹೊಸ ಸಂಹಿತೆಯಲ್ಲೂ ಉಳಿದಿದೆ. ದೂರಿನಲ್ಲಿ ಇಬ್ಬರ ಹೆಸರನ್ನೂ ಹಾಕಿ. ರಾಜ್ಯ ಕಾರ್ಮಿಕ ಸಹಾಯವಾಣಿ 155214ಕ್ಕೂ ಅಲ್ಲಿಂದಲೇ ಫೋನ್ ಮಾಡಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮುಂಗಡದ ಮೇಜನ್ನು ಸ್ವಲ್ಪ ಮರೆಯಲ್ಲಿ ಇಡಿ. ಕಬ್ಬಿಗೆ, ಇಟ್ಟಿಗೆ ಭಟ್ಟಿಗೆ ಹೋಗುವವರು ಗಂಡ-ಹೆಂಡತಿ ಜೋಡಿಗೆ ಇಷ್ಟು ಅಂತ ಮುಂಗಡ ತೆಗೆದುಕೊಂಡಿರುತ್ತಾರೆ. ಲೆಕ್ಕ ಮೇಸ್ತ್ರಿಯ ಕೈಯಲ್ಲಿ. ಮುಂಗಡ ತೀರುವ ತನಕ ಜಾಗ ಬಿಟ್ಟು ಹೋಗಬೇಡ ಅಂತ ತಡೆದರೆ ಅದು 1976ರ ಕಾಯ್ದೆಯ ಪ್ರಕಾರ ಜೀತ. ಜೀತದ ಸಾಲವನ್ನು ತೀರಿಸಬೇಕಿಲ್ಲ, ಆ ಕಾಯ್ದೆಯೇ ಅದನ್ನು ರದ್ದು ಮಾಡುತ್ತದೆ. ದೂರು ಹೋಗಬೇಕಾದ್ದು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ. ಬಿಡುಗಡೆ ಆದಮೇಲೆ ಬಿಡುಗಡೆ ಪತ್ರ ಕೇಳಿ ಪಡೆಯಲೇಬೇಕು, ಪುನರ್ವಸತಿಗೆ ಅದೇ ಆಧಾರ. ಓಡಾಡುವ ಹಕ್ಕಿನ ಬಗ್ಗೆ ಮಾತಾಡುವಾಗ ನಾವು ಗಡಿ, ಚೆಕ್‌ಪೋಸ್ಟ್ ಬಗ್ಗೆಯೇ ಯೋಚಿಸುತ್ತೇವೆ. ಆದರೆ ಮನುಷ್ಯನನ್ನು ಜಾಸ್ತಿ ಕಟ್ಟಿಹಾಕುವುದು ಈ ಮುಂಗಡದ ಚೀಟಿ. ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ, 2020ರ ಮೇ 5ರಂದು, ನಮ್ಮ ರಾಜ್ಯ ಸರ್ಕಾರವೇ ಬಿಲ್ಡರ್‌ಗಳ ಜೊತೆ ಸಭೆ ನಡೆಸಿದ ಮೇಲೆ, ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ್ ರೈಲು ಬೇಡ ಅಂತ ರೈಲ್ವೆಗೆ ಬರೆದಿತ್ತು. ಟೀಕೆ ಜೋರಾದ ಮೇಲೆ ಒಂದೆರಡು ದಿನದಲ್ಲೇ ನಿರ್ಧಾರ ಬದಲಾಯಿತು. ಊರಿಗೆ ವಾಪಸ್ ಹೋಗುವುದೂ ಹಕ್ಕೇ ಅನ್ನುವುದು ಆಗ ಬಹಳ ಜನಕ್ಕೆ ಹೊಳೆಯಿತು.

ಮೂರನೇ ಮೇಜು ಕಾರ್ಡುಗಳದ್ದು. ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ, ಆಹಾರ ಭದ್ರತಾ ಕಾಯ್ದೆಯಡಿ ಕಾರ್ಡ್ ಇರುವವರು ದುಡಿಯುವ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಪಡೆಯಬಹುದು. ಮನೆಯವರು ಊರಲ್ಲಿ ಒಂದಿಷ್ಟು, ಇವರು ಇಲ್ಲಿ ಒಂದಿಷ್ಟು ಅಂತ ಹಂಚಿಕೊಂಡೂ ಪಡೆಯಬಹುದು. ಅಂಗಡಿಯವನು ಇಲ್ಲ ಅಂದರೆ ಅದನ್ನೂ ಬರೆದುಕೊಳ್ಳಿ. ಕಟ್ಟಡ ಕೆಲಸದಲ್ಲಿ ವರ್ಷಕ್ಕೆ 90 ದಿನ ದುಡಿದ 18ರಿಂದ 60 ವಯಸ್ಸಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರಬಹುದು, ಹೊರ ರಾಜ್ಯದವರೂ ಸೇರಬಹುದು. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಪೋರ್ಟಲ್‌ನಲ್ಲಿ ನೋಂದಣಿಗೆ ಲ್ಯಾಪ್‌ಟಾಪ್ ಇರುವ ಇಬ್ಬರು ವಿದ್ಯಾರ್ಥಿಗಳು ಸಾಕು.

ಮಕ್ಕಳ ಮೇಜಿಗೆ ಒಬ್ಬ ಶಿಕ್ಷಕಿ, ಒಬ್ಬ ಆಶಾ ಕಾರ್ಯಕರ್ತೆ ಬಂದರೆ ಬಹಳ ಒಳ್ಳೆಯದು. ಟಿಸಿ ಇಲ್ಲ ಅಂತ ಮಗುವನ್ನು ಶಾಲೆಗೆ ಸೇರಿಸಿಕೊಳ್ಳದೆ ತಡ ಮಾಡುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಪತ್ರ ಬರೆದು, ವಕೀಲರನ್ನು ಶಿಬಿರಕ್ಕೆ ಕಳಿಸಿ ಅಂತ ಕೇಳಿ. ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು, ಕಾರ್ಖಾನೆ ಕಾರ್ಮಿಕರು, ಜೀತಕ್ಕೆ ಸಿಕ್ಕವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. 15100 ಅದರ ಸಹಾಯವಾಣಿ.

ಎಲ್ಲ ಮೇಜಿಗೂ ಒಂದೇ ನಿಯಮ: ಆಧಾರ್ ಜೆರಾಕ್ಸ್ ತೆಗೆದಿಟ್ಟುಕೊಳ್ಳಬೇಡಿ, ಕೇಳದೆ ಮುಖದ ಫೋಟೋ ತೆಗೆಯಬೇಡಿ. ಕಾರ್ಖಾನೆಯ ಸೂಪರ್‌ವೈಸರ್ ಫೇಸ್‌ಬುಕ್ ನೋಡುತ್ತಾನೆ, ಮರುದಿನ ಗೇಟಿನಲ್ಲೇ ವಾಪಸ್ ಕಳಿಸುತ್ತಾನೆ.

ಭಾಷೆ ಮತ್ತು ಸಭೆ

ಯುರೋಪಿನಲ್ಲಿ 1990ರ ದಶಕದ ಕೊನೆಯಿಂದ 'ನೋ ಬಾರ್ಡರ್' ಶಿಬಿರಗಳು ನಡೆದಿವೆ. 2002ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ, 2009ರಲ್ಲಿ ಫ್ರಾನ್ಸಿನ ಕ್ಯಾಲೆಯಲ್ಲಿ ದೊಡ್ಡ ಶಿಬಿರಗಳಾದವು. ಅಲ್ಲಿನ ಸಂದರ್ಭ ಬೇರೆ, ದೇಶದ ಗಡಿಗಳದ್ದು. ಅವರಿಂದ ತೆಗೆದುಕೊಳ್ಳಬಹುದಾದ್ದು ಸಭೆಯ ಪದ್ಧತಿ. ಬೇರೆ ಭಾಷೆಯವರ ಪಕ್ಕ ಒಬ್ಬರು ಕೂತು ಮೆಲ್ಲಗೆ ಅನುವಾದ ಮಾಡುತ್ತಾ ಹೋಗುತ್ತಾರೆ. ಹುಬ್ಬಳ್ಳಿಯಲ್ಲಿ ಇದು ಬಹಳ ಸುಲಭ. ಹಳೇ ಹುಬ್ಬಳ್ಳಿಯ ಯಾವ ಓಣಿಯಲ್ಲಾದರೂ ಉರ್ದು-ಹಿಂದಿ, ಕನ್ನಡ ಎರಡೂ ಬಲ್ಲವರು ಸಿಗುತ್ತಾರೆ. ಲಂಬಾಣಿಗೆ ತಾಂಡಾದ ಕಾಲೇಜು ಹುಡುಗಿಯರನ್ನು ಕರೆಯಿರಿ. ಬಂಗಾಳಿ, ಒಡಿಯಾಕ್ಕೆ ಅವರ ಗುಂಪಿನಲ್ಲೇ ಹಿಂದಿ ಬಲ್ಲ ಒಬ್ಬನಿರುತ್ತಾನೆ.

ಯಾರೇ ಆಗಲಿ ಐದು ನಿಮಿಷಕ್ಕಿಂತ ಹೆಚ್ಚು ಮಾತಾಡುವಂತಿಲ್ಲ. ಸ್ವಾಮೀಜಿ, ಮುಖಂಡರು, ಪ್ರೊಫೆಸರ್ ಎಲ್ಲರಿಗೂ ಇದೇ ಲೆಕ್ಕ. ಅವರ ಮುಂದೆ ವೇಳೆ ಆಯಿತು ಅನ್ನುವ ಚೀಟಿ ಇಡಲು ಗಟ್ಟಿ ಎದೆಯ ಒಬ್ಬ ಹೆಣ್ಣುಮಗಳನ್ನು ನಿರೂಪಣೆಗೆ ನಿಲ್ಲಿಸಿ.

"ಅವರು ಬಂದು ನಮ್ಮ ಹುಡುಗರ ಕೆಲಸ ಕಸಿದುಕೊಂಡರು" ಅನ್ನುವ ಮಾತು ಖಂಡಿತ ಬರುತ್ತದೆ. ಅದನ್ನು ತಳ್ಳಿಹಾಕಬೇಡಿ, ಕೇಳುವವರಲ್ಲಿ ಕೆಲಸ ಇಲ್ಲದ ಹುಡುಗರೂ ಇರುತ್ತಾರೆ. ಹೊರಗಿನವನಿಗೆ ಕಡಿಮೆ ಕೂಲಿ ಕೊಟ್ಟು ದುಡಿಸಲು ಬಿಟ್ಟರೆ ಎಲ್ಲರ ಕೂಲಿಯೂ ಇಳಿಯುತ್ತದೆ, ಸಮಾನ ಕೂಲಿ ಕೊಡಿಸಿದರೆ ಮಾಲೀಕನಿಗೆ ಆ ಲಾಭವೇ ಇರುವುದಿಲ್ಲ. ಇದನ್ನು ಲೆಕ್ಕ ಹಾಕಿ ತೋರಿಸಿ. ಗೋವಾದಲ್ಲಿ ದುಡಿದು ಬಂದವರಿಂದಲೇ ಹೇಳಿಸಿದರೆ ಇನ್ನೂ ಒಳ್ಳೆಯದು, ಇದೇ ಮಾತನ್ನು ಅವರು ಅಲ್ಲಿ ಕೇಳಿಸಿಕೊಂಡು ಬಂದಿರುತ್ತಾರೆ.

ಪೊಲೀಸರು ಬಂದಾಗ

ಬಂದೋಬಸ್ತಿಗೆ ಬಂದವರಿಗೆ ಚಹಾ, ನೆರಳು, ನೀರು ಕೊಡಿ. ಮಾತಾಡಲು ಇಬ್ಬರೇ ಇರಲಿ, ಎಲ್ಲರೂ ಮುಗಿಬೀಳುವುದು ಬೇಡ. ನಿಷೇಧಾಜ್ಞೆ ಇದೆ ಅಂದರೆ ಆದೇಶದ ಪ್ರತಿ ಕೇಳಿ. ಮೊದಲು 144 ಅನ್ನುತ್ತಿದ್ದದ್ದು 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ. ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ವಿಶೇಷ ಸಂದರ್ಭ ಬಿಟ್ಟು ಬಂಧಿಸುವಂತಿಲ್ಲ. ವಕೀಲರ ಫೋನ್ ನಂಬರನ್ನು ಎಲ್ಲರೂ ಪೆನ್ನಿನಿಂದ ಮುಂಗೈ ಮೇಲೆ ಬರೆದುಕೊಳ್ಳಲಿ, ಮೊಬೈಲ್ ಕಸಿದುಕೊಂಡರೆ ಅದರೊಳಗಿನ ನಂಬರಿನಿಂದ ಉಪಯೋಗವಿಲ್ಲ. ಹೊರ ರಾಜ್ಯದ ಹುಡುಗರನ್ನು ಮಾತ್ರ ಬೇರೆ ಮಾಡಿ ಕರೆದೊಯ್ಯಲು ನೋಡಿದರೆ, ಸಮಿತಿಯ ಇಬ್ಬರು ಅವರ ಜೊತೆಗೇ ಜೀಪು ಹತ್ತಬೇಕು.

ಮುಗಿಸುವುದು ಮತ್ತು ಆಮೇಲೆ

ಮೂರನೇ ದಿನ ಅಧಿಕಾರಿ ಬಂದು ಮನವಿ ತೆಗೆದುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಅಷ್ಟಕ್ಕೆ ಚಪ್ಪಾಳೆ ತಟ್ಟಿ ಎದ್ದುಬಿಡಬೇಡಿ. ಜಂಟಿ ಸಭೆಯ ತಾರೀಕನ್ನು ಅಲ್ಲೇ ಬರೆಸಿಕೊಳ್ಳಿ. ಧಾರವಾಡದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮನವಿಗೆ ಆವಕ ಸಂಖ್ಯೆ, ಅಂದರೆ ಕಚೇರಿಗೆ ಬಂದ ಪತ್ರಕ್ಕೆ ಕೊಡುವ ನಂಬರ್, ಹಾಕಿಸಿ. ಪೆಂಡಾಲ್ ಬಿಚ್ಚಿ, ಜಾಗ ಗುಡಿಸಿ, ಮೊದಲಿದ್ದ ಹಾಗೆ ಇದೆ ಅಂತ ಫೋಟೋ ತೆಗೆದಿಡಿ. ಮುಂದಿನ ಸಲ ಜಾಗ ಕೇಳುವಾಗ ಅದು ಬೇಕಾಗುತ್ತದೆ. ಖರ್ಚಿನ ಲೆಕ್ಕವನ್ನು ಕನ್ನಡ, ಹಿಂದಿ ಎರಡರಲ್ಲೂ ಬರೆದು ವಾಟ್ಸಾಪ್ ಗುಂಪಿಗೆ ಹಾಕಿ.

ಮೇಜುಗಳಲ್ಲಿ ಬಂದ ದೂರುಗಳನ್ನು ಒಂದು ರಿಜಿಸ್ಟರಿಗೆ ಇಳಿಸಿ, ಒಬ್ಬೊಬ್ಬರು ಹತ್ತು ದೂರಿನಂತೆ ಹಂಚಿಕೊಳ್ಳಿ. ದೂರು ಕೊಟ್ಟವರು ಊರಿಗೆ ಹೋಗಿರಬಹುದು, ಹಾಗಾಗಿ ಅವರ ಊರಿನ ಒಂದು ನಂಬರನ್ನೂ ಪಡೆದಿರಬೇಕು. ಒಂದು ತಿಂಗಳಾದರೂ ಕಚೇರಿಯಿಂದ ಸುದ್ದಿ ಬರದಿದ್ದರೆ ಆವಕ ಸಂಖ್ಯೆ ಹಾಕಿ, ಈ ಮನವಿಯ ಮೇಲೆ ಏನು ಕ್ರಮ ಆಯಿತು ಅಂತ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಉತ್ತರ ಕೊಡಲು ಅವರಿಗೆ 30 ದಿನ ಇದೆ. ಅದೂ ಬರದಿದ್ದರೆ ಮೊದಲ ಮೇಲ್ಮನವಿಯನ್ನು ಮುಂದಿನ 30 ದಿನದೊಳಗೆ ಹಾಕಬೇಕು.